ಟೋಬಾರ್ ಜೋಡಣೆ ಮತ್ತು ಕಾರಿನ ವಾರಂಟಿ

ಕಾರಿನ ಹಿಂಬದಿಗೆ ಟ್ರೇಲರನ್ನೋ ಸೈಕಲ್ ಸಾಗಿಸುವ ಚೌಕಟ್ಟನ್ನೋ ತಗುಲಿಸಲು ನೆರವಾಗುವ ಉಕ್ಕಿನ ಸಾಧನಕ್ಕೆ ಟೋಬಾರ್ ಎಂದು ಹೆಸರು. ಹಿಂದಿನ ಬಂಪರಿನ ಮರೆಯಲ್ಲಿ ಅಡ್ಡಲಾಗಿ ಕೂರುವ ತೊಲೆ, ಅದರಿಂದ ಹೊರಚಾಚುವ ಕತ್ತು, ಕತ್ತಿನ ತುದಿಯ ಗುಂಡು ಮತ್ತು ಟ್ರೇಲರಿನ ದೀಪಗಳಿಗೆ ವಿದ್ಯುತ್ ಒದಗಿಸುವ ಸಾಕೆಟ್ ಇದರ ಮುಖ್ಯ ಅಂಗಗಳು. 50 ಮಿಲಿಮೀಟರ್ ವ್ಯಾಸದ ಗುಂಡು ಯುರೋಪಿನಲ್ಲಿ ಸಾಮಾನ್ಯ ಅಳತೆಯಾಗಿದ್ದು, ಅಲ್ಲಿ ಟೋಬಾರ್ ದಿನಬಳಕೆಯ ವಸ್ತುವಾಗಿದೆ. ಭಾರತದಲ್ಲಿ ಅದು ಇನ್ನೂ ಅಪರೂಪ. ಚೆನ್ನೈನ ದಕ್ಷಿಣ ಭಾಗದ ಬೆಸೆಂಟ್ ನಗರದಂತಹ ಕಡಲಂಚಿನ ಬಡಾವಣೆಯಿಂದ ಪೂರ್ವ ಕರಾವಳಿ ರಸ್ತೆಯ ಕಡೆಗೆ ಸೈಕಲ್ಲನ್ನೋ ಚಿಕ್ಕ ದೋಣಿಯನ್ನೋ ಒಯ್ಯಬಯಸುವವರಿಗೆ ಅದರ ಉಪಯೋಗ ಸ್ಪಷ್ಟವಾಗಿದ್ದರೂ, ಹೊಸ ಕಾರಿನ ವಾರಂಟಿ ಅದರಿಂದ ಕೈತಪ್ಪೀತೇ ಎಂಬ ಅಳುಕು ಸಹಜವಾಗಿಯೇ ಇರುತ್ತದೆ.

ವಾರಂಟಿ ಎಂಬುದು ಬಿಡಿಭಾಗದಲ್ಲಾಗಲಿ ತಯಾರಿಕೆಯಲ್ಲಾಗಲಿ ಇರುವ ದೋಷಕ್ಕೆ ಕಂಪನಿ ನಿಗದಿತ ಅವಧಿಯವರೆಗೆ ಹೊಣೆಯಾಗುತ್ತದೆಂಬ ಕರಾರು; ಬಳಕೆದಾರನ ಕೆಲಸದಿಂದ ಉಂಟಾದ ಹಾನಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾದರೆ ಹೊರಗಿನ ಕೆಲಸ ನಡೆದ ಮಾತ್ರಕ್ಕೆ ಇಡೀ ಕರಾರು ಮುರಿದುಬೀಳುತ್ತದೆಯೇ ಎಂಬ ಪ್ರಶ್ನೆಗೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ನೀಡಿದ ಆದೇಶ ದಾರಿ ತೋರುತ್ತದೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ಸ್ವತಂತ್ರ ಗ್ಯಾರೇಜುಗಳನ್ನು ದೂರವಿಟ್ಟ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿದ ಆಯೋಗವು, ದುರಸ್ತಿಯನ್ನು ಹೊರಗೆ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಸಲ್ಲದೆಂದೂ, ದೋಷಪೂರಿತ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ಕಂಪನಿ ಹೊಣೆ ನಿರಾಕರಿಸಬಹುದೆಂದೂ ಹೇಳಿತು. ಕಂಪನಿಗಳು ಈ ನಡಾವಳಿಯನ್ನು ಮದ್ರಾಸ್ ಹೈಕೋರ್ಟ್ ಸೇರಿದಂತೆ ಹಲವೆಡೆ ಪ್ರಶ್ನಿಸಿದವು. ಆದೇಶವು ದುರಸ್ತಿಗೆ ಸಂಬಂಧಿಸಿದ್ದೇ ಹೊರತು ಹೊಸ ಸಾಧನದ ಜೋಡಣೆಗೆ ಅಲ್ಲ. ಆದರೂ ಹಾನಿಗೂ ಕೆಲಸಕ್ಕೂ ನಡುವಿನ ಕಾರಣಸಂಬಂಧವನ್ನು ನೋಡಬೇಕೆಂಬ ಅದರ ತರ್ಕ ಟೋಬಾರಿಗೂ ಹೊಂದುತ್ತದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯೂ ನಿರ್ದಿಷ್ಟ ಬ್ರ್ಯಾಂಡಿನ ಬಿಡಿಭಾಗವನ್ನೇ ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ.

ಕಾರಣಸಂಬಂಧ ಮೊದಲು ಏರ್ಪಡುವುದು ಭಾರದ ಮೂಲಕ. ಬ್ರೇಕ್ ಇರುವ ಟ್ರೇಲರಿಗೊಂದು, ಇಲ್ಲದ ಟ್ರೇಲರಿಗೊಂದು, ಗುಂಡಿನ ಮೇಲೆ ನೇರವಾಗಿ ಕೆಳಮುಖವಾಗಿ ಬೀಳುವ ಒತ್ತಡಕ್ಕೊಂದು ಎಂದು ಮೂರು ಪ್ರತ್ಯೇಕ ಮಿತಿಗಳಿದ್ದು, ಸೈಕಲ್ ಚೌಕಟ್ಟಿಗೆ ಮೂರನೆಯದೇ ನಿರ್ಣಾಯಕವಾಗಿರುತ್ತದೆ. ಇವನ್ನು ಕಾರಿನ ಕೈಪಿಡಿಯಲ್ಲಿ ಹುಡುಕಬೇಕು; ಟ್ರೇಲರ್ ಎಳೆಯಲು ಈ ವಾಹನ ರೂಪಿತವಾಗಿಲ್ಲ ಎಂದು ಕೈಪಿಡಿ ಹೇಳಿದ್ದರೆ ಟೋಬಾರ್ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಮಿತಿಮೀರಿದ ಭಾರ ಎಳೆದು ಸುಟ್ಟುಹೋದ ಕ್ಲಚ್ಚನ್ನು ತಯಾರಿಕೆಯ ದೋಷವೆಂದು ವಾದಿಸಲಾಗದು.

ಎರಡನೆಯದು ಒಡಲಿನ ರಚನೆ. ಜೀಪು ಮಾದರಿಯ ಕೆಲವು ವಾಹನಗಳಲ್ಲಿ ಒಡಲಿನ ಕೆಳಗೆ ಪ್ರತ್ಯೇಕವಾದ ಏಣಿಯಾಕಾರದ ಚಾಸಿ ಇರುತ್ತದೆ. ಈಗಿನ ಬಹುಪಾಲು ಕಾರುಗಳಲ್ಲಿ ಒಡಲೇ ಚಾಸಿಯಾಗಿದ್ದು, ಇದನ್ನು ಮಾನೊಕಾಕ್ ಎನ್ನುತ್ತಾರೆ. ಇಂತಹ ಕಾರಿಗೆ ಆ ಮಾದರಿಗೆಂದೇ ತಯಾರಾದ ಟೋಬಾರನ್ನು, ಕಂಪನಿ ಮೊದಲೇ ಬಿಟ್ಟಿರುವ ತೂತುಗಳಲ್ಲಿ, ಸೂಚಿಸಿದಷ್ಟೇ ಬಿಗಿಯಾಗಿ ಬೋಲ್ಟ್ ಮಾಡಬೇಕು. ಹೊಸ ತೂತು ಕೊರೆದರೆ ಅಥವಾ ವೆಲ್ಡಿಂಗ್ ಮಾಡಿದರೆ ಸತುವಿನ ಹೊದಿಕೆಯೂ ಬಣ್ಣದ ಪದರಗಳೂ ಹರಿದು ಬರಿಯ ಉಕ್ಕು ಬಯಲಾಗುತ್ತದೆ. ಎಲಿಯಟ್ಸ್ ಬೀಚಿನ ಕಡೆಯಿಂದ ಬೆಸೆಂಟ್ ನಗರದ ಬೀದಿಗಳಿಗೆ ಬೀಸುವ ಉಪ್ಪುಗಾಳಿಯಲ್ಲಿ ಇದು ದೊಡ್ಡ ಅಪಾಯ, ಏಕೆಂದರೆ ಉಪ್ಪು ಗಾಳಿಯ ತೇವವನ್ನು ಹೀರಿ ವಿದ್ಯುತ್ ಹರಿಯುವ ದ್ರಾವಣವಾಗುವುದರಿಂದ ಸಿಹಿನೀರಿಗಿಂತ ಬಹಳ ಬೇಗ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಪ್ರತ್ಯೇಕ ವಾರಂಟಿ ಇರುವ ಕಾರಿನಲ್ಲಿ, ಕೊರೆದ ತೂತಿನ ಸುತ್ತ ಹಬ್ಬಿದ ತುಕ್ಕಿಗೆ ಕಂಪನಿ ಹೊಣೆ ನಿರಾಕರಿಸಿದರೆ ಆಕ್ಷೇಪಿಸುವುದು ಕಷ್ಟ.

ಮೂರನೆಯದಾದ ವೈರಿಂಗ್ ಹೊರನೋಟಕ್ಕೆ ಸರಳವಾದರೂ ತಕರಾರಿಗೆ ಹೆಚ್ಚು ಎಡೆಕೊಡುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಘಟಕವೇ ದೀಪಗಳ ವಿದ್ಯುತ್ತನ್ನು ಅಳೆಯುತ್ತಿರುತ್ತದಾದ್ದರಿಂದ, ಹಿಂದಿನ ದೀಪದ ತಂತಿಯನ್ನು ಸೀಳಿ ಟ್ರೇಲರಿಗೆ ಕವಲು ಎಳೆದರೆ ಘಟಕವು ಅದನ್ನು ದೋಷವೆಂದು ದಾಖಲಿಸಬಹುದು, ಹೆಚ್ಚುವರಿ ಹೊರೆಯಿಂದ ಕೆಡಲೂಬಹುದು. ಆ ಮಾದರಿಗೆಂದೇ ಇರುವ ಸಿದ್ಧ ವೈರಿಂಗ್ ಕಿಟ್ ಬಳಸಿ, ಟ್ರೇಲರಿನ ದೀಪಗಳಿಗೆ ರಿಲೇ ಮೂಲಕ ಬ್ಯಾಟರಿಯಿಂದ ಪ್ರತ್ಯೇಕ ವಿದ್ಯುತ್ ಒದಗಿಸಿದರೆ ಮೂಲ ತಂತಿಗಳ ಮೇಲೆ ಹೊರೆ ಬೀಳುವುದಿಲ್ಲ.

ವಾರಂಟಿಯ ಮಾತು ಕಂಪನಿಯೊಡನೆ ಮುಗಿದರೂ ಕಾನೂನಿನ ಮಾತು ಬೇರೆಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಅರ್ಥೈಸಿತು, ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ಗೊತ್ತುಮಾಡಿತು. ಆದ್ದರಿಂದ ಜೋಡಣೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಟೋಬಾರ್ ನಂಬರ್ ಪ್ಲೇಟನ್ನು ಮರೆಮಾಡಕೂಡದು. ಟ್ರೇಲರ್ ಕೂಡ ಕಾಯ್ದೆಯ ದೃಷ್ಟಿಯಲ್ಲಿ ವಾಹನವೇ ಆದ್ದರಿಂದ ಅದರ ನೋಂದಣಿ ಪ್ರತ್ಯೇಕ.

ಕಂಪನಿಯ ಅಧಿಕೃತ ಬಿಡಿಭಾಗವಾಗಿಯೇ ಟೋಬಾರ್ ದೊರೆಯುವುದಾದರೆ ಅದನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಾಕಿಸುವುದೇ ಎಲ್ಲಕ್ಕಿಂತ ಸುರಕ್ಷಿತ ಮಾರ್ಗ. ಹೊರಗೆ ಮಾಡಿಸುವುದಾದರೆ ಡೀಲರಿನ ಅಭಿಪ್ರಾಯವನ್ನು ಮುಂಚಿತವಾಗಿ ಲಿಖಿತದಲ್ಲಿ ಪಡೆದು, ಬಿಡಿಭಾಗದ ಸಂಖ್ಯೆ ನಮೂದಾದ ಬಿಲ್ಲನ್ನೂ, ಯಾವ ಬೋಲ್ಟು ಎಲ್ಲಿ ಕೂತಿದೆಯೆಂದು ತೋರುವ ಜಾಬ್ ಕಾರ್ಡನ್ನೂ, ಬಂಪರ್ ಮುಚ್ಚುವ ಮೊದಲು ತೆಗೆದ ಫೋಟೋಗಳನ್ನೂ ಕಾಪಿಟ್ಟು, ವಿಮಾ ಕಂಪನಿಗೂ ವಿಷಯ ತಿಳಿಸಬೇಕು. ಎಸಿ ಕೆಟ್ಟಾಗ ಟೋಬಾರಿನ ನೆಪವೊಡ್ಡಿ ಸರ್ವಿಸ್ ಸೆಂಟರು ಹೊಣೆ ತಪ್ಪಿಸಿಕೊಳ್ಳಲೆತ್ನಿಸಿದರೆ, ಎರಡಕ್ಕೂ ಸಂಬಂಧವಿಲ್ಲವೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಯೋಗದೆದುರು ವಾದಿಸಲು ಮಾಲೀಕನಿಗೆ ಆಧಾರವಾಗುವುದು ಈ ಕಾಗದಪತ್ರಗಳೇ.