‘ಮಸ್ಟ್’ ಅಂದ್ರೆ ಬರೀ ‘ಬೇಕು’ ಅಲ್ಲ!

ಕೆಲಸಕ್ಕೆ ಸೇರಿದ ಹೊಸತು. ಕ್ಲೈಂಟ್ ಕಡೆಯ ಹಿರಿಯರೊಬ್ಬರಿಗೆ ‘ನಾಳೆಯ ಕಾಲ್‌ಗೆ ನೀವು ಬರಬೇಕಾಗಿಲ್ಲ, ನಾವೇ ನೋಡ್ಕೋತೀವಿ’ ಅಂತ ತಿಳಿಸಬೇಕಿತ್ತು. ನಾನು ಟೈಪ್ ಮಾಡಿದ್ದು, ‘ಯು ಮಸ್ಟ್ ನಾಟ್ ಜಾಯಿನ್ ದ ಕಾಲ್.’

ಹತ್ತೇ ನಿಮಿಷಕ್ಕೆ ಮ್ಯಾನೇಜರ್ ಫೋನು. ‘ಅವರಿಗೆ ಮೀಟಿಂಗಿಗೆ ಬರಲೇಬೇಡಿ ಅಂದ್ರಂತೆ, ಏನ್ರೀ ಇದು?’

ಸ್ಪೆಲ್ಲಿಂಗ್ ಸರಿಯಿತ್ತು, ವ್ಯಾಕರಣವೂ ಸರಿಯಿತ್ತು. ಆದರೆ ನಾನು ಕೊಡಲು ಹೊರಟಿದ್ದು ವಿನಾಯಿತಿ, ಕೊಟ್ಟಿದ್ದು ನಿಷೇಧ! ಎಡವಿದ್ದು ಮೋಡಲ್ ವರ್ಬ್‌ನಲ್ಲಿ. ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶುಡ್, ವಿಲ್, ವುಡ್ ಇವೆಲ್ಲ ಅದೇ ಗುಂಪಿನವು.

ಅರ್ಧ ಪಾಠ ನಮಗೆ ಗೊತ್ತೇ ಇದೆ

‘ಒಂಬತ್ತಕ್ಕೆ ಆಫೀಸಲ್ಲಿ ಇರಬೇಕು’ ಅಂದರೆ ಅಪ್ಪಣೆ. ‘ಲೈಟ್ ಉರೀತಿದೆ, ಮನೇಲಿ ಯಾರೋ ಇರಬೇಕು’ ಅಂದರೆ ಊಹೆ. ಒಂದೇ ‘ಬೇಕು’, ಎರಡು ಕೆಲಸ. ಇಂಗ್ಲಿಷಿನ ಮಸ್ಟ್ ಕೂಡ ಹಾಗೇ. ‘ನೀವಿನ್ನು ಹೊರಡಬಹುದು’ ಎನ್ನುವುದು ಅನುಮತಿ, ‘ಸಂಜೆ ಮಳೆ ಬರಬಹುದು’ ಎನ್ನುವುದು ಸಾಧ್ಯತೆ. ಇವೆರಡನ್ನೂ ಮೇ ನಿಭಾಯಿಸುತ್ತದೆ.

ತೊಡಕು ಎಲ್ಲಿ?

‘ಇಲ್ಲ’ ಸೇರಿಸಿದಾಗ. ‘ಬರಬಾರದು’ ಎನ್ನಲು ಮಸ್ಟ್ ನಾಟ್. ‘ಬರಬೇಕಾಗಿಲ್ಲ’ ಎನ್ನಲು ಡೋಂಟ್ ಹ್ಯಾವ್ ಟು. ‘ಇದು ನಿಜ ಇರಲಾರದು’ ಎಂಬ ಊಹೆಗೆ ಮಸ್ಟ್ ನಾಟ್ ಅಲ್ಲ, ಕಾಂಟ್ ಬಿ.

ಇನ್ನೊಂದು, ‘ಬೇಕು’ವಿನ ತೂಕ. ‘ಡಾಕ್ಟರ್ ಹತ್ರ ಹೋಗಬೇಕು’ ಅನ್ನೋದು ಸಲಹೆಯಾದರೆ ಶುಡ್, ಬೇರೆ ದಾರಿಯೇ ಇಲ್ಲದಿದ್ದರೆ ಮಸ್ಟ್. ಈ ವ್ಯತ್ಯಾಸ ಎಷ್ಟು ಮುಖ್ಯ ಅಂದರೆ, ಇಂಟರ್ನೆಟ್ಟಿನ ತಾಂತ್ರಿಕ ನಿಯಮ ಬರೆಯುವವರಿಗಾಗಿ 1997ರಲ್ಲಿ ‘ಆರ್‌ಎಫ್‌ಸಿ 2119’ ಎಂಬ ಪುಟ್ಟ ದಾಖಲೆಯೇ ಬಂತು. ಅದರ ಪ್ರಕಾರ ಮಸ್ಟ್ ಅಂದರೆ ಕಡ್ಡಾಯ. ಶುಡ್ ಅಂದರೆ ಪಾಲಿಸಿ, ಸರಿಯಾದ ಕಾರಣವಿದ್ದರೆ ಮಾತ್ರ ಬಿಡಿ. ಮೇ ಅಂದರೆ ನಿಮ್ಮಿಷ್ಟ.

‘ನೀವು’ ಇಲ್ಲದ ಭಾಷೆ

ಕುಡ್ ಎನ್ನುವುದು ಕ್ಯಾನ್‌ನ ಭೂತಕಾಲ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ‘ಕುಡ್ ಯು ಸೆಂಡ್ ದ ಫೈಲ್?’ ಎನ್ನುವಲ್ಲಿ ಭೂತಕಾಲ ಎಲ್ಲಿದೆ? ಅಲ್ಲಿರುವುದು ಮರ್ಯಾದೆ. ನಮಗೆ ‘ನೀನು’, ‘ನೀವು’ ಬೇರೆಬೇರೆ. ‘ಸ್ವಲ್ಪ ಕಳಿಸ್ತೀರಾ?’ ಅಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಯು. ಆ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ಕುಡ್, ವುಡ್‌ಗಳೇ. ಅದಕ್ಕೇ ‘ಯು ಮಸ್ಟ್ ಸೆಂಡ್’ ಅಂತ ಬರೆದರೆ, ಪ್ಲೀಸ್ ಸೇರಿಸಿದರೂ ಬಾಸ್‌ಗೆ ಖಾರ ಅನ್ನಿಸುತ್ತದೆ.

‘ಯು ಶುಡ್ ಹ್ಯಾವ್ ಟೋಲ್ಡ್ ಮಿ’ ಬರೆಯುವ ಮುನ್ನವೂ ಒಂದು ಕ್ಷಣ ನಿಲ್ಲಿ. ಅದು ‘ನಂಗೆ ಹೇಳಬೇಕಿತ್ತು’ ಎಂಬ ಆಕ್ಷೇಪ. ‘ಯು ಮಸ್ಟ್ ಹ್ಯಾವ್ ಸೀನ್ ಇಟ್’ ಆದರೋ ‘ನೋಡಿರ್ತೀರಿ’ ಎಂಬ ಊಹೆ ಅಷ್ಟೇ.

ಸೆಂಡ್ ಒತ್ತುವ ಮುನ್ನ

ನಾನೀಗ ಮೇಲ್ ಕಳಿಸುವ ಮೊದಲು ಕನ್ನಡದಲ್ಲೇ ಕೇಳಿಕೊಳ್ಳುತ್ತೇನೆ: ಇದು ಅಪ್ಪಣೆಯಾ, ಸಲಹೆಯಾ, ಅನುಮತಿಯಾ, ಊಹೆಯಾ? ಉತ್ತರ ಸಿಕ್ಕರೆ ಪದವೂ ಸಿಗುತ್ತದೆ.

ಅಂದಹಾಗೆ, ಅವತ್ತು ಕ್ಷಮೆ ಕೇಳಿ ‘ಯು ಡೋಂಟ್ ಹ್ಯಾವ್ ಟು ಜಾಯಿನ್, ಬಟ್ ಯು ಆರ್ ವೆಲ್ಕಮ್’ ಅಂತ ಮತ್ತೆ ಬರೆದೆ. ಮರುದಿನ ಎಲ್ಲರಿಗಿಂತ ಮೊದಲು ಕಾಲ್‌ಗೆ ಬಂದವರು ಅವರೇ!