ಹಳೆಯ ಬಂದೂಕು ಕೊಳ್ಳುವ ಮುನ್ನ



ಕಬ್ಬು ಎದೆಮಟ್ಟ ಬಂತೆಂದರೆ ಫಡದಲ್ಲಿ ಹಂದಿಯ ಕಾಟ ಸುರುವಾಗುತ್ತದೆ. ಬೆಳೆ ರಕ್ಷಣೆಗೆ ಲೈಸೆನ್ಸು ಪಡೆದ ಕೆಲವರು ಹೊಸ ಬಂದೂಕಿನ ಬೆಲೆ ಕೇಳಿ ಹಿಂಜರಿದು, ಯಾರದೋ ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆಯನ್ನು ಕೊಳ್ಳಲು ಹೊರಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು ಬಂದೂಕಿನ ವಿಷಯದಲ್ಲಿ ಮಾತ್ರ ಮಾರುವವನ ಮಾತನ್ನೇ ನಂಬುತ್ತೇವೆ. ನಳಿಗೆ ಸಿಡಿದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ.

ಮೊದಲು ಬಂದೂಕನ್ನು ಮುರಿದು ತೆರೆದು, ಒಳಗೆ ತೋಟಾ ಇಲ್ಲವೆಂದು ನೀವೇ ಕಣ್ಣಾರೆ ನೋಡಿರಿ. ನಳಿಗೆ, ಕೀಲುಭಾಗ, ಮುಂಗಟ್ಟಿಗೆ ಇವುಗಳ ನಂಬರು ಒಂದೇ ಇದೆಯೇ? ಅದು ಮಾರುವವರ ಲೈಸೆನ್ಸಿನಲ್ಲಿಯೂ ಇದೆಯೇ? ಬೇರೆ ಬಂದೂಕಿನ ನಳಿಗೆಯನ್ನು ಅರ ಹಾಕಿ ಕೂಡಿಸಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ.

ನಳಿಗೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿರಿ. ಒಳಗೆ ಬಳೆಯಂತೆ ಕಪ್ಪು ನೆರಳು ಕಂಡರೆ ಅಲ್ಲಿ ಹಿಂದೆಂದೋ ಉಬ್ಬಿದೆ. ಮೂತಿಯನ್ನೂ ಪರೀಕ್ಷಿಸಿರಿ. ಜೋಡುನಳಿಗೆಗಳು ಮೂತಿಯಲ್ಲಿ ಒಂದಕ್ಕೊಂದು ತಾಗಿರುವುದು ವಾಡಿಕೆ. ನಡುವೆ ಸಂದಿಯಿದ್ದು ಅದಕ್ಕೆ ಬೆಸುಗೆ ತುಂಬಿದ್ದರೆ ನಳಿಗೆ ಕತ್ತರಿಸಿದೆಯೆಂದೇ ಸಂಶಯ ಪಡಬೇಕು. ಪರವಾನಿಗೆಯಿಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮು ನಿಷೇಧಿಸಿದೆ.

ಎಲ್ಲಕ್ಕಿಂತ ಮೋಸ ಮಾಡುವುದು ತೋಟಾದ ಉದ್ದ. ಹಳೆಯ ವಿಲಾಯತಿ ಬಂದೂಕುಗಳಲ್ಲಿ ಬಹಳಷ್ಟು 65 ಮಿ.ಮೀ. ತೋಟಾಕ್ಕೆ ಮಾಡಿದವು. ಈಗಿನ 70 ಮಿ.ಮೀ. ತೋಟಾವೂ ಅದರಲ್ಲಿ ಸಲೀಸಾಗಿ ಕೂಡುತ್ತದೆ, ಏಕೆಂದರೆ ಆ ಅಳತೆ ಹಾರಿದ ಮೇಲಿನದು. ಹಾರುವಾಗ ಮಡಚಿದ ಬಾಯಿ ಬಿಚ್ಚಲು ಜಾಗವಿಲ್ಲದೆ ಮುಂದಿನ ಇಕ್ಕಟ್ಟಿಗೆ ಚಾಚಿ ಒತ್ತಡ ಏರಿಸುತ್ತದೆ. ಇದಕ್ಕೆಂದು ಯಾರಾದರೂ ತೋಟಾಕೋಣೆಯನ್ನು ಕೊರೆದು ಉದ್ದ ಮಾಡಿದ್ದರೆ ಅಲ್ಲಿನ ಗೋಡೆ ತೆಳುವಾಗಿರುತ್ತದೆ. ಮತ್ತೆ ಒತ್ತಡ ಪರೀಕ್ಷೆಯಾದ ಗುರುತಿಲ್ಲದಿದ್ದರೆ ಬೇಡವೆನ್ನಿರಿ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುತ್ತುಗೆರೆಗಳಿದ್ದರೆ ಅದು ಬಹುಶಃ ಕಪ್ಪುಮದ್ದಿನ ಕಾಲದ್ದು, ಗೋಡೆಗೆ ತೂಗುಹಾಕಲು ಚೆಂದ.

ಟ್ರಿಗರು ಹಗುರಾಗಲೆಂದು ಒಳಗಿನ ಕೊಕ್ಕೆಯನ್ನು ಉಜ್ಜಿರುವುದೂ ಉಂಟು. ಕೋಣೆಗೆ ಪರೀಕ್ಷೆಯ ಹುಸಿತೋಟಾ ಹಾಕಿ, ಸೇಫ್ಟಿ ಏರಿಸಿ ಟ್ರಿಗರು ಎಳೆದು ಬಿಡಿರಿ. ಆಮೇಲೆ ಟ್ರಿಗರು ಮುಟ್ಟದೆ ಸೇಫ್ಟಿ ಇಳಿಸಿರಿ. ಆಗ ಒಳಗೆ ಚಟ್ಟೆಂದರೆ ಬಂದೂಕು ಅಪಾಯದ್ದು. ಹಿಡಿಯ ತುದಿಯನ್ನು ಗೋಣಿಯ ಮೇಲೆ ತಟ್ಟಿದಾಗ ಬಿದ್ದರೂ ಅಷ್ಟೇ. ಇಷ್ಟಾದ ಮೇಲೂ ಲೈಸೆನ್ಸುಳ್ಳ ಬಂದೂಕು ರಿಪೇರಿಯವರಿಂದ ಮಾರುವವರ ಎದುರೇ ಅಳತೆ ಮಾಡಿಸಿರಿ. ಕೂಲಿ ದಂಡವಲ್ಲ.

ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅಪ್ಪಣೆಯಾಯಿತೆಂದಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಅರಣ್ಯ ಇಲಾಖೆಯ ಪರವಾನಿಗೆ ಬೇರೆ ಬೇಕು. ಇನ್ನು ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿವಸ ಕಳೆಯಬೇಕು. ಕಾಗದಪತ್ರ ಮುಗಿಯುವವರೆಗೆ ಬಂದೂಕು ಅವರ ಮನೆಯಲ್ಲೇ ಇರಲಿ, ಮುಂಗಡವೂ ನಿಮ್ಮ ಕಿಸೆಯಲ್ಲೇ ಇರಲಿ.