ತಾಮ್ರದ ಮೇಲೆ ಎಲೆಯ ಅಚ್ಚು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದ ಮೇಲೆ ಸಿಗುವ ಊರು ಹೆಬ್ಬಗೋಡಿ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರು ಒಂದು ಕಾಲಕ್ಕೆ ಬೇಸಾಯದ ಹಳ್ಳಿಯಾಗಿದ್ದಿತು. ಪಕ್ಕದ ಬೊಮ್ಮಸಂದ್ರದಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಯಂತ್ರಗಳ ಸದ್ದಿಗೆ ಹೊಂದಿಕೊಂಡ ಪಟ್ಟಣವಾಗಿದೆ. 2025ರ ಆಗಸ್ಟ್ ತಿಂಗಳಿಂದ ಮೆಟ್ರೋ ರೈಲೂ ಇಲ್ಲಿಗೆ ಬರುತ್ತಿದೆ. ಲೇತು, ಗೇರು, ಬೇರಿಂಗು ಎಂಬ ಮಾತುಗಳು ಇಲ್ಲಿನ ಅನೇಕ ಮನೆಗಳಲ್ಲಿ ಅಡಿಗೆಮನೆಯ ಮಾತುಗಳಷ್ಟೇ ಪರಿಚಿತವಾದುವು. ಇಂಥದೊಂದು ಮನೆಯ ಮೂಲೆಯಲ್ಲಿ ಕೈಯಿಂದ ತಿರುಗಿಸುವ ಚಿಕ್ಕ ಉರುಳೆಯಂತ್ರವನ್ನಿಟ್ಟುಕೊಂಡು, ತಾಮ್ರದ ತಗಡಿನಿಂದ ಓಲೆ, ಪದಕ, ಕಡಗಗಳನ್ನು ಮಾಡಿಕೊಳ್ಳಬಹುದೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ತಾಮ್ರ ಕನ್ನಡನಾಡಿಗೆ ಹೊಸ ಲೋಹವಲ್ಲ. ಹಂಡೆ, ತಂಬಿಗೆ, ಕೊಡಗಳ ಮಾತಿರಲಿ, ರಾಜರು ನೀಡಿದ ದತ್ತಿಗಳನ್ನು ಬರೆಯಿಸಲು ಆರಿಸಿಕೊಂಡುದೂ ತಾಮ್ರದ ತಗಡನ್ನೇ. ಗಂಗರ ಕೆಲವು ತಾಮ್ರಶಾಸನಗಳಲ್ಲಿ ವಿಶ್ವಕರ್ಮಾಚಾರ್ಯ ಎಂಬ ಕೆತ್ತನೆಗಾರನ ಹೆಸರು ಕಾಣಬರುತ್ತದೆ. ಇಂಥ ಅನೇಕ ತಗಡುಗಳ ಅಂಚನ್ನು ತುಸು ಎತ್ತರಿಸಿರುತ್ತಾರೆ. ಒಂದರ ಮೇಲೊಂದು ಇಟ್ಟಾಗ ಅಕ್ಷರಗಳು ಉಜ್ಜಿಹೋಗಬಾರದೆಂಬುದು ಅದರ ಉದ್ದೇಶ. ಚಿತ್ರದುರ್ಗದ ಸಮೀಪದ ಇಂಗಳದಾಳದಲ್ಲಿ ತಾಮ್ರದ ಅದಿರನ್ನು ಗಣಿಯಿಂದ ತೆಗೆಯುತ್ತಿದ್ದ ಕಾಲವೂ ಒಂದಿತ್ತು.

ಆದರೂ ಒಡವೆಯೆಂದರೆ ಚಿನ್ನವೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಚಿನ್ನವೊಂದನ್ನೇ ನಂಬಿದ ಕಸುಬು ಎಷ್ಟು ಅಪಾಯಕ್ಕೆ ಸಿಕ್ಕಬಹುದೆಂಬುದನ್ನು ಅಕ್ಕಸಾಲಿಗರು 1963ರಲ್ಲಿ ಕಂಡರು. ಚೀನಾ ಯುದ್ಧದ ತರುವಾಯ, ಆ ವರ್ಷದ ಜನವರಿಯಲ್ಲಿ, 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧಿಯ ಚಿನ್ನದಿಂದ ಹೊಸ ಒಡವೆ ಮಾಡಕೂಡದೆಂಬ ನಿಯಮ ದೇಶದಲ್ಲೆಲ್ಲ ಜಾರಿಗೆ ಬಂದಿತು. ತಲೆತಲಾಂತರದಿಂದ ಕುಲುಮೆಯ ಮುಂದೆ ಕುಳಿತಿದ್ದವರ ಕೈಗೆ ಕೆಲಸವಿಲ್ಲದಾಯಿತು. ಹತಾಶೆಯಿಂದ ಪ್ರಾಣ ಕಳೆದುಕೊಂಡವರೂ ಉಂಟು. ಶುದ್ಧಿಯ ಈ ಮಿತಿಯನ್ನು 1966ರಲ್ಲಿ ತೆಗೆದುಹಾಕಿದರೂ 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೆ ಉಳಿದಿತ್ತು. ಅನಂತರ ದೊಡ್ಡ ಕಾರ್ಖಾನೆಗಳು ಬಂದುವು. ಹೆಬ್ಬಗೋಡಿಗೆ ದೂರವಲ್ಲದ ಹೊಸೂರಿನಲ್ಲಿಯೇ ಟೈಟಾನ್ ಸಂಸ್ಥೆಯ ಆಭರಣ ಕಾರ್ಖಾನೆಯಿದೆ. ಅದರೊಡನೆ ಸ್ಪರ್ಧಿಸುವುದು ಒಬ್ಬ ಕುಶಲಕರ್ಮಿಗೆ ಸುಲಭವಲ್ಲ. ತಾಮ್ರದ ವಿಷಯ ಬೇರೆ. ಅದಕ್ಕೆ ದೊಡ್ಡ ಬಂಡವಾಳ ಬೇಡ. ಹತ್ತು ತುಂಡು ಕೆಟ್ಟರೂ ಮನೆ ಮುಳುಗುವುದಿಲ್ಲ. ತಾಮ್ರದ ಮೇಲೆ ಪಳಗಿದ ಕೈ ಬೆಳ್ಳಿ, ಚಿನ್ನಗಳ ಮೇಲೆಯೂ ನಡೆಯುತ್ತದೆ.

ಉರುಳೆಯಂತ್ರದ ರಚನೆ ಸರಳವಾದುದು. ಗಟ್ಟಿ ಉಕ್ಕಿನ ನುಣುಪಾದ ಎರಡು ಉರುಳೆಗಳು ಒಂದರ ಮೇಲೊಂದು ಇರುತ್ತವೆ. ಮೇಲಿನ ತಿರುಪನ್ನು ತಿರುಗಿಸಿ ಅವುಗಳ ನಡುವಣ ಸಂದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಹಿಡಿಯನ್ನು ತಿರುಗಿಸಿದರೆ ಉರುಳೆಗಳು ಎದುರುಬದುರಾಗಿ ಸುತ್ತಿ, ಸಂದಿನಲ್ಲಿಟ್ಟ ಲೋಹವನ್ನು ಒಳಕ್ಕೆಳೆದುಕೊಂಡು, ತೆಳುಮಾಡಿ ಆಚೆಗೆ ಬಿಡುತ್ತವೆ. ಕಬ್ಬಿನ ಗಾಣವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 15ನೆಯ ಶತಮಾನದ ಕೊನೆಯ ವೇಳೆಗೆ ಇಟಲಿಯ ಲಿಯೊನಾರ್ಡೊ ಡ ವಿಂಚಿ ಇಂಥ ಯಂತ್ರದ ಚಿತ್ರವನ್ನು ಬರೆದಿದ್ದನು.

ಕೆಲಸಕ್ಕೆ ಸುಮಾರು 0.8 ಮಿಲಿಮೀಟರ್ ದಪ್ಪದ ತಗಡು ಸಾಕು. ಮೊದಲು ಅದನ್ನು ಮೆದುಗೊಳಿಸಬೇಕು. ಲೋಹ ಹೊರಗೆ ಒಂದೇ ಮುದ್ದೆಯಂತೆ ಕಂಡರೂ ಒಳಗೆ ಅಸಂಖ್ಯಾತ ಚಿಕ್ಕ ಹರಳುಗಳ ಸಮೂಹವಾಗಿದೆ. ಬಡಿದಾಗ ಇಲ್ಲವೆ ಒತ್ತಿದಾಗ ಹರಳುಗಳೊಳಗಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ಜಾರುತ್ತ ಜಾರುತ್ತ ಅಲ್ಲಲ್ಲಿ ಸಿಕ್ಕು ಬೀಳುವುದರಿಂದ ತಗಡು ಬಿರುಸಾಗುತ್ತದೆ; ಇನ್ನೂ ಒತ್ತಿದರೆ ಅಂಚು ಸೀಳುತ್ತದೆ. ಕಾಯಿಸಿದಾಗ ಹರಳುಗಳು ಹೊಸದಾಗಿ ರೂಪುಗೊಂಡು ಸಿಕ್ಕು ಬಿಡಿಸಿಕೊಳ್ಳುತ್ತವೆ. ತಾಮ್ರ ಕರಗುವುದು 1,085 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ಮೆದುವಾಗಲು 600 ಡಿಗ್ರಿಯ ಆಸುಪಾಸು ಸಾಕು. ಅಳೆಯುವ ಉಪಕರಣವಿಲ್ಲದ ಅಕ್ಕಸಾಲಿಗೆ ಕಣ್ಣೇ ಅಳತೆಗೋಲು: ಮಬ್ಬು ಬೆಳಕಿನಲ್ಲಿ ತಗಡು ಮಂದವಾಗಿ ಕೆಂಪೇರಿದರೆ ಹದ ಬಂದಿತೆಂದು ಅರ್ಥ. ಕಾದ ಕಬ್ಬಿಣದ ಅಲಗನ್ನು ನೀರಿಗೆ ಅದ್ದಿ ಗಟ್ಟಿಮಾಡುತ್ತಾರೆ. ತಾಮ್ರವನ್ನು ನೀರಿಗೆ ಅದ್ದಿದರೆ ಅದು ಮೆದುವಾಗಿಯೇ ಉಳಿಯುತ್ತದೆ.

ಕಾಯಿಸಿದ ತಗಡಿನ ಮೇಲೆ ಕಪ್ಪು ಪೊರೆ ಕಟ್ಟಿರುತ್ತದೆ. ಇದು ತಾಮ್ರ ಗಾಳಿಯ ಆಮ್ಲಜನಕದೊಡನೆ ಕೂಡಿದುದರ ಫಲ. ಕಾರ್ಖಾನೆಗಳಲ್ಲಿ ಇದನ್ನು ತೆಗೆಯಲು ಗಂಧಕಾಮ್ಲವನ್ನು ಬಳಸುತ್ತಾರೆ. ಮನೆಯಲ್ಲಿ ಅಂಥ ಅಪಾಯಕ್ಕೆ ಹೋಗಬೇಕಾಗಿಲ್ಲ. ಹಬ್ಬದ ಮುನ್ನಾದಿನ ಪೂಜೆಯ ಪಾತ್ರೆ ಬೆಳಗುವ ಹುಣಸೆಹುಳಿಯೇ, ಬಿಸಿನೀರಿನಲ್ಲಿ ಕಿವುಚಿ ಪಿಂಗಾಣಿ ಪಾತ್ರೆಯಲ್ಲಿಟ್ಟರೆ, ನಿಧಾನವಾಗಿಯಾದರೂ ಈ ಕೆಲಸ ಮಾಡುತ್ತದೆ. ತಗಡನ್ನು ಎತ್ತಲು ಬಿದಿರಿನ ಚಿಮಟವನ್ನೇ ಬಳಸಬೇಕು. ತಾಮ್ರ ಕರಗಿರುವ ಹುಳಿನೀರಿಗೆ ಕಬ್ಬಿಣ ತಾಗಿದರೆ ಕಬ್ಬಿಣವು ಕರಗಿ, ಅದರ ಬದಲಿಗೆ ತಾಮ್ರವು ಹೊರಬಂದು ಅಂಟಿಕೊಳ್ಳುತ್ತದೆ. ಆಮೇಲೆ ತಗಡನ್ನು ತೊಳೆದು, ತೇವದ ಸುಳಿವೂ ಇಲ್ಲದಂತೆ ಒರಸತಕ್ಕದ್ದು. ಒದ್ದೆ ತಗಡು ಯಂತ್ರಕ್ಕೆ ಹೋದರೆ ಉರುಳೆಗೆ ತುಕ್ಕು ಹಿಡಿಯುತ್ತದೆ. ಉರುಳೆಯ ಮೇಲಣ ಒಂದು ಗೆರೆ ಮುಂದಿನ ಪ್ರತಿಯೊಂದು ತಗಡಿನ ಮೇಲೂ ಮೂಡುತ್ತದೆ.

ಇನ್ನು ಅಚ್ಚಿನ ವಿಚಾರ. ಶಾಲೆಯ ಮಕ್ಕಳು ಅರಳಿ ಎಲೆಯನ್ನು ನೀರಿನಲ್ಲಿ ಕೊಳೆಯಹಾಕಿ, ಹಸಿರೆಲ್ಲ ಕಳೆದ ಮೇಲೆ ಉಳಿಯುವ ನರಗಳ ಬಲೆಯನ್ನು ಪುಸ್ತಕದ ಹಾಳೆಗಳ ನಡುವೆ ಕಾಪಾಡುವುದುಂಟು. ಇದಕ್ಕಿಂತ ಒಳ್ಳೆಯ ಅಚ್ಚು ದೊರೆಯುವುದು ಕಷ್ಟ. ಹಸಿ ಎಲೆಯಾದರೆ ರಸ ಹಿಂಡಿ ಅಚ್ಚು ಕಲಸಿಹೋಗುತ್ತದೆ. ಕಸೂತಿಯ ಬಟ್ಟೆ, ಕತ್ತರಿಸಿದ ಕಾಗದ, ಉಪ್ಪುಕಾಗದಗಳೂ ಆಗಬಹುದು. ಉಕ್ಕಿನ ತಂತಿ ಮಾತ್ರ ಕೂಡದು, ಅದು ಉರುಳೆಗೇ ಗಾಯ ಮಾಡುತ್ತದೆ. ತಗಡಿನ ಮೇಲೆ ಎಲೆ, ಎಲೆಯ ಮೇಲೆ ರಕ್ಷಣೆಗೆ ಇನ್ನೊಂದು ಹಿತ್ತಾಳೆಯ ತಗಡು, ಹೀಗೆ ಜೋಡಿಸಿ ಸಂದನ್ನು ಬಿಗಿಮಾಡಬೇಕು. ಹಿಡಿ ತಿರುಗಿಸುವಾಗ ತೋಳಿಗೆ ಚೆನ್ನಾಗಿ ಭಾರ ತಿಳಿಯಬೇಕು. ಬೆರಳು, ಸೆರಗು, ಜಡೆ ಉರುಳೆಯ ಹತ್ತಿರ ಸುಳಿಯಬಾರದು. ಯಂತ್ರಕ್ಕೆ ತಗಡಿಗೂ ಬೆರಳಿಗೂ ಭೇದ ಗೊತ್ತಿಲ್ಲ.

ನಯವಾದ ಎಲೆ ಗಟ್ಟಿಯಾದ ತಾಮ್ರದಲ್ಲಿ ಹೇಗೆ ಇಳಿಯುತ್ತದೆ? ಉರುಳೆಗಳ ಒತ್ತಡವೆಲ್ಲ ತಗಡನ್ನು ಮುಟ್ಟುವ ಕಿರಿದಾದ ಪಟ್ಟೆಯೊಂದರ ಮೇಲೆಯೇ ಬೀಳುತ್ತದೆ. ಅಷ್ಟು ಕಡಮೆ ಜಾಗದಲ್ಲಿ, ಅರೆಕ್ಷಣದಲ್ಲಿ, ಎಲೆಯ ನರಕ್ಕೆ ಪಕ್ಕಕ್ಕೆ ಸರಿಯಲು ಎಡೆಯಿರುವುದಿಲ್ಲ. ಮೆದುವಾದ ತಾಮ್ರವೇ ದಾರಿ ಬಿಡುತ್ತದೆ. ಒಂದೇ ಸಲದಲ್ಲಿ ಕೆಲಸ ಮುಗಿಯಬೇಕು. ಮತ್ತೊಮ್ಮೆ ಉರುಳಿಸಿದರೆ ಮೊದಲಿನ ಅಚ್ಚಿನ ಪಕ್ಕದಲ್ಲಿ ಎರಡನೆಯದು ನೆರಳಿನಂತೆ ಬಿದ್ದು ಎರಡೂ ಕೆಡುತ್ತವೆ. ತಗಡು ಉರುಳಿದ ದಿಕ್ಕಿನಲ್ಲಿ ಉದ್ದವಾಗುವುದರಿಂದ ಮೊದಲೇ ದುಂಡಗೆ ಕತ್ತರಿಸಿದ ಬಿಲ್ಲೆ ಮೊಟ್ಟೆಯಾಕಾರ ತಾಳುತ್ತದೆ. ಆದುದರಿಂದ ಅಚ್ಚು ಮೂಡಿದ ಮೇಲೆಯೇ ಆಕಾರ ಕತ್ತರಿಸುವುದು, ಅರದಿಂದ ಅಂಚು ಉಜ್ಜುವುದು. ಬಾಗಿಸಲು ಮರದ ಕೊಡತಿಯೇ ಸರಿ. ಕಬ್ಬಿಣದ ಸುತ್ತಿಗೆ ಎಲೆಯ ನರಗಳನ್ನು ಅಳಿಸಿಬಿಡುತ್ತದೆ.

ಹೊಳೆಯುವ ತಾಮ್ರದಲ್ಲಿ ಅಚ್ಚು ಅಷ್ಟಾಗಿ ಎದ್ದು ಕಾಣುವುದಿಲ್ಲ. ಬೇಯಿಸಿದ ಕೋಳಿಮೊಟ್ಟೆಯನ್ನು ಬಿಸಿಯಿರುವಾಗಲೇ ಜಜ್ಜಿ, ಓಲೆಯ ಜೊತೆಗೆ, ಅದಕ್ಕೆ ತಾಗದಂತೆ, ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಮೊಟ್ಟೆಯಿಂದ ಹೊರಡುವ ಗಂಧಕದ ಅನಿಲ ತಾಮ್ರವನ್ನು ಕಂದು ಕಪ್ಪಾಗಿಸುತ್ತದೆ. ಬಳಿಕ ಉಬ್ಬಿದ ಭಾಗವನ್ನಷ್ಟೇ ಉಜ್ಜಿದರೆ ತಗ್ಗುಗಳಲ್ಲಿ ಕಪ್ಪು ನಿಂತು ಅರಳಿ ಎಲೆ ಕಣ್ಣಿಗೆ ಕಟ್ಟುತ್ತದೆ. ಬೆವರಿಗೆ ತಾಮ್ರ ತಾಗಿದರೆ ಚರ್ಮದ ಮೇಲೆ ಹಸಿರು ಕಲೆ ಬೀಳುವುದರಿಂದ ಒಳಬದಿಗೆ ತೆಳುವಾಗಿ ಜೇನುಮೇಣ ಸವರುತ್ತಾರೆ. ಕಿವಿಯ ತೂತಿನಲ್ಲಿ ನಿಲ್ಲುವ ಕೊಕ್ಕೆಯನ್ನು ಬೆಳ್ಳಿಯಲ್ಲಿ ಮಾಡುತ್ತಾರೆ. ಮೇಣ ಸವೆದು ಓಲೆ ಮಾಸಿದಾಗ ಕಪ್ಪುಳಿದ ತಗ್ಗುಗಳಿಗೆ ತಾಗದಂತೆ ಬೆನ್ನಿಗೆ ಮಾತ್ರ ಹುಣಸೆಹಣ್ಣು ತಿಕ್ಕಿ, ತೊಳೆದು ಒರಸಿ, ಮತ್ತೆ ಮೇಣ ಸವರಬೇಕು.